ಬಲ್ಲವರಿಗೆ ಸಿಗುವ ಸಲುಗೆ

ಮಂಡ್ಯ ಸೀಮೆಯ ಆಲೆಮನೆಗಳಲ್ಲಿ ಬೆಲ್ಲದ ಹದವನ್ನು ತೀರ್ಮಾನಿಸುವುದು ಕೊಪ್ಪರಿಗೆಯ ಬಳಿ ನಿಂತ ಅನುಭವಿಯ ಕಣ್ಣು ಮತ್ತು ಬೆರಳು. ಕುದಿಯುವ ಪಾಕದ ಗುಳ್ಳೆಗಳನ್ನು ಗಮನಿಸುತ್ತಿದ್ದು, ಒಂದಿಷ್ಟನ್ನು ತಣ್ಣೀರಿಗೆ ಬಿಟ್ಟು, ಅದು ಉಂಡೆಗಟ್ಟುವ ಬಗೆಯನ್ನು ಹಿಸುಕಿ ನೋಡಿ ಆತ ಕೊಪ್ಪರಿಗೆ ಇಳಿಸಲು ಹೇಳುತ್ತಾನೆ. ಪಾಕ ಬಂದದ್ದು ಹೇಗೆ ತಿಳಿಯಿತೆಂದು ಹೊಸ ಆಳು ಕೇಳಿದರೆ, "ನೋಡುದ್ರೆ ಗೊತ್ತಾಗಕಿಲ್ವೇನ್ಲಾ?" ಎಂಬ ಉತ್ತರ ಬಂದೀತು. ಇದನ್ನು ಗರ್ವವೆಂದು ಭಾವಿಸುವುದು ಅವಸರವಾಗುತ್ತದೆ. ವರ್ಷಗಟ್ಟಲೆ ಮಾಡಿದ ಕೆಲಸದ ಹಂತಗಳು ಬಿಡಿಬಿಡಿಯಾಗಿ ಉಳಿಯದೆ ಒಂದೇ ನೋಟದಲ್ಲಿ ಬೆಸೆದುಕೊಳ್ಳುವುದರಿಂದ, ಕಲಿಯುವವನು ಎಲ್ಲಿ ಎಡವುತ್ತಾನೆಂಬುದು ಬಲ್ಲವನಿಗೆ ಕಾಣದಾಗುತ್ತದೆ. ಮನೋವಿಜ್ಞಾನದಲ್ಲಿ ಇದಕ್ಕೆ ‘ಜ್ಞಾನದ ಶಾಪ’ ಎಂಬ ಹೆಸರಿದೆ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಎಲಿಜಬೆತ್ ನ್ಯೂಟನ್ 1990ರ ತಮ್ಮ ಪಿಎಚ್‌.ಡಿ. ಪ್ರಬಂಧಕ್ಕಾಗಿ, ಎಲ್ಲರೂ ಬಲ್ಲ ಹಾಡುಗಳ ಲಯವನ್ನು ಕೆಲವರಿಂದ ಮೇಜಿನ ಮೇಲೆ ತಟ್ಟಿಸಿ, ಹಾಡು ಯಾವುದೆಂದು ಕೇಳುಗರಿಂದ ಊಹೆ ಮಾಡಿಸಿದರು. ಅರ್ಧದಷ್ಟನ್ನಾದರೂ ಕೇಳುಗರು ಗುರುತಿಸುತ್ತಾರೆಂದು ತಟ್ಟಿದವರು ನಂಬಿದ್ದರು. 120 ಹಾಡುಗಳಲ್ಲಿ ಗುರುತಿಸಲಾದದ್ದು 3. ತಟ್ಟುವವರ ಮನಸ್ಸಿನಲ್ಲಿ ಇಡೀ ಹಾಡು ನಡೆಯುತ್ತಿತ್ತು, ಎದುರಿನವರಿಗೆ ಕೇಳಿಸಿದ್ದು ಬರೀ ಟಕಟಕ.

ವಿವರಿಸಲಾಗದಿರುವುದು ಒಂದು, ಕೇಳಿಸಿಕೊಳ್ಳದಿರುವುದು ಇನ್ನೊಂದು. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ಯೋಚಿಸಬೇಕಾದ ವಿಷಯ, ಏಕೆಂದರೆ ಅದಕ್ಕೆ ನಿಜವಾದ ಪರಿಣತಿಯೇ ಬೇಕಿಲ್ಲ, ಬಲ್ಲೆನೆಂಬ ಭಾವ ಸಾಕು. ಮನೋವಿಜ್ಞಾನಿಗಳಾದ ಸ್ಟಾವ್ ಅತೀರ್, ಡೇವಿಡ್ ಡನ್ನಿಂಗ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭೂಗೋಳದ ಸುಲಭ ಪ್ರಶ್ನೆಗಳಿಗೆ ಉತ್ತರಿಸಿ ಹುರುಪಾದವರು, ಅಮೆರಿಕದಲ್ಲಿ ಇಲ್ಲವೇ ಇಲ್ಲದ ಊರುಗಳನ್ನೂ ಬಲ್ಲೆವೆಂದು ಹೇಳುವುದು ಹೆಚ್ಚಾಗಿತ್ತು.

ಅದೇ ವರ್ಷ ಮನೋವಿಜ್ಞಾನಿ ವಿಕ್ಟರ್ ಒಟಾಟಿ ಮತ್ತು ಸಹೋದ್ಯೋಗಿಗಳು ಇದರ ಸಾಮಾಜಿಕ ಮುಖವನ್ನು ತೆರೆದಿಟ್ಟರು: ಪರಿಣತನಿಗೆ ಹಟ ಹಿಡಿಯುವ ಹಕ್ಕಿದೆಯೆಂದು ಸಮಾಜವೇ ಒಪ್ಪಿಕೊಂಡಿರುತ್ತದೆ, ಆದ್ದರಿಂದ ತನ್ನನ್ನು ಪರಿಣತನೆಂದು ಬಗೆದವನು ಆ ಹಕ್ಕನ್ನು ಚಲಾಯಿಸುತ್ತಾನೆ. ನಮ್ಮ ರೈತರ ಸಭೆಗಳನ್ನೇ ನೋಡಬಹುದು. ನಿವೃತ್ತ ಕೃಷಿ ಅಧಿಕಾರಿ ಪ್ರಶ್ನೆಯನ್ನು ಅರ್ಧಕ್ಕೇ ತುಂಡರಿಸಿದರೆ ಯಾರಿಗೂ ಅಸಹಜವೆನಿಸುವುದಿಲ್ಲ; ಹೊಸದಾಗಿ ಕಬ್ಬು ಹಾಕಿದ ಹುಡುಗ ಹಾಗೆ ಮಾಡಿದರೆ ಅಧಿಕಪ್ರಸಂಗಿ ಎನ್ನಿಸಿಕೊಳ್ಳುತ್ತಾನೆ.

ಆದರೆ ಒಟಾಟಿ ತಂಡದ ಪ್ರಯೋಗಗಳನ್ನು ಮತ್ತೆ ಮಾಡಿ 2018ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಪರಿಣತಿಯ ಭಾವವನ್ನು ಮೂಡಿಸುವ ಕೆಲವು ವಿಧಾನಗಳಲ್ಲಿ ಮಾತ್ರ ಈ ಪರಿಣಾಮ ಕಂಡುಬಂದಿದೆ. ಹಾಗಾಗಿ ಕಲಿತವರೆಲ್ಲ ಕಿವಿ ಮುಚ್ಚಿಕೊಳ್ಳುತ್ತಾರೆಂದು ಇದರಿಂದ ತೀರ್ಮಾನಿಸಲು ಬರುವುದಿಲ್ಲ.