‘ಅಂತೆ’ ಕಂಡ ಕೂಡಲೇ ಉಪಮಾ ಅಂತ ಬರೀಬೇಡ್ರಪ್ಪ

ಹತ್ತನೇ ಕ್ಲಾಸಿನ ಕನ್ನಡ ಪೇಪರ್ ತಿದ್ದೋಕೆ ಕೂತಾಗಲೆಲ್ಲ ನನಗೆ ತಲೆ ಬಿಸಿ ಆಗೋದು ಒಂದೇ ವಿಷಯಕ್ಕೆ. ಅಲಂಕಾರದ ಪ್ರಶ್ನೆ ಬಂದ್ರೆ ಮಕ್ಕಳು ವಾಕ್ಯಾನೇ ಓದಲ್ಲ, ‘ಅಂತೆ’ ಎಲ್ಲಿದೆ ಅಂತ ಹುಡುಕ್ತಾರೆ, ಸಿಕ್ತಾ, ಉಪಮಾಲಂಕಾರ (ಒಂದನ್ನ ಇನ್ನೊಂದಕ್ಕೆ ಹೋಲಿಸೋದು) ಅಂತ ಬರೆದು ಕೆಳಗೊಂದು ಗೆರೆ ಎಳೆದು ಮುಂದಿನ ಪ್ರಶ್ನೆಗೆ ಓಡ್ತಾರೆ. ಸ್ವಂತವಾಗಿ ಒಂದು ಉಪಮಾ ವಾಕ್ಯ ಬರಿ ಅಂದಿದ್ದಕ್ಕೆ ಒಬ್ಬ ಹುಡುಗ ‘ನಾಳೆ ಮಳೆ ಬರುತ್ತದಂತೆ’ ಅಂತ ಬರೆದಿದ್ದ. ಅವನನ್ನ ಬೈದು ಏನು ಮಾಡೋದು, ‘ಅಂತೆ, ಹಾಗೆ, ಹಳಗನ್ನಡದ ವೊಲ್ ಬಂದ್ರೆ ಉಪಮಾ’ ಅಂತ ಟ್ಯೂಷನ್‌ನಲ್ಲಿ ಬಾಯಿಪಾಠ ಮಾಡಿಸಿರ್ತಾರೆ.

ಉಪಮೇಯ ಅಂದ್ರೆ ನಾವು ಹೋಲಿಸ್ತಿರೋ ವಸ್ತು, ಉಪಮಾನ ಅಂದ್ರೆ ಯಾವುದಕ್ಕೆ ಹೋಲಿಸ್ತೀವೋ ಅದು, ಸಮಾನಧರ್ಮ ಅಂದ್ರೆ ಎರಡರಲ್ಲೂ ಇರೋ ಗುಣ, ವಾಚಕಪದ ಅಂದ್ರೆ ‘ಅಂತೆ’ಯಂಥ ಹೋಲಿಕೆಯ ಪದ, ಇಷ್ಟು ನೆನಪಿದ್ರೆ ಸಾಕು. ನೋಡಬೇಕಾದ್ದು ಇಷ್ಟೇ, ಕವಿ ಎರಡು ವಸ್ತುಗಳ ನಡುವೆ ಏನು ಸಂಬಂಧ ಕಟ್ಟಿದ್ದಾನೆ ಅಂತ. ಬಸವಣ್ಣನವರನ್ನೇ ತಗೊಳ್ಳಿ. ‘ನುಡಿದರೆ ಮುತ್ತಿನ ಹಾರದಂತಿರಬೇಕು’ ಅಂದಾಗ ನುಡಿ ಬೇರೆ, ಹಾರ ಬೇರೆ, ಎರಡೂ ತಮ್ಮ ತಮ್ಮ ಪಾಡಿಗೆ ಉಳ್ಕೊಂಡೇ ಒಂದನ್ನೊಂದು ಹೋಲ್ತವೆ, ಇದು ಉಪಮಾ. ಅವರೇ ‘ಎನ್ನ ಕಾಲೇ ಕಂಬ, ದೇಹವೇ ದೇಗುಲ’ ಅಂದಾಗ ಕಾಲು ಕಂಬದ ಹಾಗಿದೆ ಅಂತ ಹೇಳ್ತಿಲ್ಲ. ಸುಮ್ನೆ ಒಂದ್ಸಲ ‘ಕಾಲು ಕಂಬದಂತೆ, ದೇಹ ದೇಗುಲದಂತೆ’ ಅಂತ ಬದಲಾಯಿಸಿ ಓದಿ ನೋಡಿ, ವಚನದ ಜೀವವೇ ಹೋಗುತ್ತೆ. ಉಳ್ಳವರು ಶಿವಾಲಯ ಕಟ್ತಾರೆ, ಬಡವ ನಾನೇನು ಮಾಡಲಿ ಅಂತ ಕೇಳಿದವನ ದೇಹ ದೇಗುಲದ ಹಾಗೆ ಇದ್ರೆ ಸಾಲದು, ದೇಗುಲವೇ ಆಗಬೇಕು, ಇಲ್ಲದಿದ್ರೆ ಉಳ್ಳವರ ಕಲ್ಲಿನ ಗುಡಿ ಎದುರು ಅವನ ಮಾತು ನಿಲ್ಲೋದೇ ಇಲ್ಲ. ಅದಕ್ಕೇ ಅಲ್ಲಿ ರೂಪಕ, ಅಂದ್ರೆ ಎರಡೂ ಒಂದೇ ಅಂತ ಹೇಳೋದು.

ಇನ್ನು ಉತ್ಪ್ರೇಕ್ಷೆ, ಅಂದ್ರೆ ಒಂದನ್ನ ಇನ್ನೊಂದು ಅಂತ ಕಲ್ಪಿಸಿಕೊಳ್ಳೋ ಅಲಂಕಾರ. ಗಲಾಟೆ ಎಲ್ಲ ಇಲ್ಲೇ. ಅಚ್ಚೋದ ಸರೋವರ ತ್ರೈಲೋಕ್ಯಲಕ್ಷ್ಮಿಯ (ಮೂರು ಲೋಕಗಳ ಲಕ್ಷ್ಮಿಯ) ರನ್ನಗನ್ನಡಿಯೋ (ರತ್ನದ ಕನ್ನಡಿಯೋ) ಎಂಬಂತೆ ಕಾಣ್ತಿತ್ತು ಅನ್ನೋ ಉದಾಹರಣೆ ಬಹಳಷ್ಟು ವ್ಯಾಕರಣ ಪುಸ್ತಕದಲ್ಲಿ ಇದೆ. ಇದನ್ನ ಉಪಮಾ ಅಂತ ಬರೆದ ಮಗಳ ಪೇಪರ್ ಹಿಡ್ಕೊಂಡು ಒಬ್ಬರು ಅಪ್ಪ ಬಂದಿದ್ರು, ‘ಸಾರ್, ಅಂತೆ ಇದೆಯಲ್ಲ, ಯಾಕೆ ಮಾರ್ಕ್ಸ್ ಕಟ್ ಮಾಡಿದ್ರಿ?’ ಅಂತ. ಕೂರಿಸಿ ಓದಿಸಿದೆ. ‘ಅಂತೆ’ ಹಿಂದೆ ಒಂದು ‘ಓ’ ಇದೆ ನೋಡಿ ಸಾರ್, ಕನ್ನಡಿಯೋ, ಅಂದ್ರೆ ಕವಿಗೆ ಅದು ಸರೋವರ ಅಂತ ಗೊತ್ತು, ಆದ್ರೂ ಕನ್ನಡಿ ಇರಬಹುದೇನೋ ಅಂತ ಕಲ್ಪಿಸಿಕೊಳ್ತಿದ್ದಾನೆ, ಹೋಲಿಸ್ತಾ ಇಲ್ಲ. ಅವರಿಗೆ ಅರ್ಥ ಆಯ್ತು, ಮಗಳಿಗೆ ಅವರಿಗಿಂತ ಮೊದಲೇ ಆಗಿತ್ತು. ಮುಂದಿನ ವಾರ ಆ ಹುಡುಗಿ ಕೆರೆ ಏರಿ ಮೇಲೆ ಕೂತ ಬೆಳ್ಳಕ್ಕಿ ಸಾಲು ‘ಒಣಗಹಾಕಿದ ಪಂಚೆಗಳೋ ಎಂಬಂತೆ’ ಕಂಡವು ಅಂತ ತಾನೇ ಬರ್ಕೊಂಡು ಬಂದ್ಳು. ಇಂಥ ಮಕ್ಕಳಿಗೋಸ್ಕರ ಎಷ್ಟು ಬಂಡಲ್ ಬೇಕಾದ್ರೂ ತಿದ್ದಬಹುದು.

ಎಲ್ಲ ಹೋಲಿಕೆನೂ ಅಲಂಕಾರ ಅಲ್ಲ ಅನ್ನೋದೂ ನೆನಪಿರಲಿ. ‘ಅವನು ಅಪ್ಪನಂತೆ ಎತ್ತರ’ ಅನ್ನೋದು ಬರೀ ಮಾಹಿತಿ. ಸಂಸ್ಕೃತದ ಆಲಂಕಾರಿಕರು ಇದಕ್ಕೆ ‘ಗವಯ ಹಸುವಿನ ಹಾಗಿದೆ’ ಅಂತ ಕಾಡುದನದ ಉದಾಹರಣೆ ಕೊಡ್ತಾರೆ. ಹೋಲಿಕೆ ಇದೆ, ಚೆಲುವಿಲ್ಲ.

‘ಮುಖಕಮಲ’ ಏನು ಸಾರ್ ಅಂತ ತುಂಬಾ ಜನ ಕೇಳ್ತಾರೆ. ‘ಮುಖಕಮಲ ಅರಳಿತು’ ಅಂದ್ರೆ ರೂಪಕ, ಯಾಕಂದ್ರೆ ಅರಳೋದು ಕಮಲದ ಕೆಲಸ. ‘ಮುಖಕಮಲ ನಕ್ಕಿತು’ ಅಂದ್ರೆ ನಗೋದು ಮುಖ, ಹಾಗಾಗಿ ಕಮಲದಂಥ ಮುಖ ಅಂತ ಬಿಡಿಸಿ ಉಪಮಾ ಅನ್ನೋರೂ ಇದ್ದಾರೆ. ಪರೀಕ್ಷೆಲಿ ಮಾತ್ರ ಈ ಚರ್ಚೆಗೆ ಇಳೀಬೇಡಿ, ಪಠ್ಯದಲ್ಲಿ ಇರೋ ಹಾಗೆ ರೂಪಕ ಅಂತ ಬರೀರಿ, ಕೀ ಆನ್ಸರ್ ಯಾವ ವರ್ಷ ಏನು ಹೇಳುತ್ತೆ ಅಂತ ನಾನು ಗ್ಯಾರಂಟಿ ಕೊಡೋಕಾಗಲ್ಲ.

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಕೊಟ್ರೆ ಅರ್ಧ ಕ್ಲಾಸ್ ಜಾಗ ಖಾಲಿ ಬಿಡುತ್ತೆ, ‘ಅಂತೆ’ ಇಲ್ವಲ್ಲ. ಎರಡು ಬೇರೆ ಬೇರೆ ವಾಕ್ಯ ಬಿಂಬ ಪ್ರತಿಬಿಂಬದ ಹಾಗೆ ಎದುರುಬದುರು ನಿಂತಿವೆ, ಅದು ದೃಷ್ಟಾಂತ. ಖಾಲಿ ಬಿಡೋ ಮೊದಲು ಎರಡೂ ವಾಕ್ಯಾನ ಒಂದ್ಸಲ ಮನಸ್ಸಲ್ಲೇ ಜೋರಾಗಿ ಓದ್ಕೊಳ್ಳಿ.