ಮೂವತ್ತೆರಡು ಮಿಲಿಮೀಟರಿನ ಬಾಗಿಲು

ಹೆಂಚಿನ ಮನೆಗಳಲ್ಲಿ ಗುಬ್ಬಿಗೆಂದು ಯಾರೂ ಗೂಡು ಮಾಡಿಕೊಟ್ಟವರಲ್ಲ. ಜಂತಿಗೂ ಗೋಡೆಗೂ ನಡುವಿನ ಸಂದು, ಓರೆಯಾಗಿ ತೂಗುಹಾಕಿದ ದೇವರ ಪಟದ ಹಿಂಬದಿ, ಕರೆಂಟು ಮೀಟರಿನ ಪೆಟ್ಟಿಗೆ, ಹೀಗೆ ಒಂದು ಹಿಡಿ ಹುಲ್ಲು ನಿಲ್ಲುವ ಕಡೆಯಲ್ಲೆಲ್ಲ ಅದು ಸಂಸಾರ ಹೂಡುತ್ತಿತ್ತು. ಆರ್‌ಸಿಸಿ ತಾರಸಿ, ನುಣುಪು ಗೋಡೆ, ಅಲ್ಯೂಮಿನಿಯಂ ಕಿಟಕಿ ಬಂದ ಮೇಲೆ ಅಂಥ ಸಂದುಗಳು ಇಲ್ಲವಾದವು. 2020ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಯ ಪ್ರಕಾರ ಗುಬ್ಬಿಗಳ ಸಂಖ್ಯೆ ದೇಶದಲ್ಲಿ ಒಟ್ಟಾರೆ ಹೆಚ್ಚುಕಡಿಮೆ ಸ್ಥಿರವಾಗಿದೆ. ಇಳಿದಿರುವುದು ಬೆಂಗಳೂರೂ ಸೇರಿದಂತೆ ಆರು ಮಹಾನಗರಗಳಲ್ಲಿ. ಎಲ್ಲರೂ ದೂರುವ ಮೊಬೈಲ್ ಟವರಿನ ವಿರುದ್ಧ ಗಟ್ಟಿ ಪುರಾವೆ ಸಿಕ್ಕಿಲ್ಲ. ಗೂಡಿನ ಜಾಗ ಮತ್ತು ಮರಿಗಳಿಗೆ ಬೇಕಾದ ಹುಳು, ಇವೆರಡರ ಕೊರತೆಯೇ ಹೆಚ್ಚು ನಂಬಬಹುದಾದ ಕಾರಣ.

ಗೂಡಿನ ಜಾಗವನ್ನು ನಾವು ಒಂದು ಮರದ ಪೆಟ್ಟಿಗೆ ಮಾಡಿ ಕೊಡಬಹುದು. ಆದರೆ ಅಳತೆ ತಪ್ಪಿದರೆ ಪೆಟ್ಟಿಗೆ ಬೇರೆಯವರ ಪಾಲಾಗುತ್ತದೆ. ತೂತಿನ ವ್ಯಾಸ 32 ಮಿಲಿಮೀಟರ್ ಇರಬೇಕು. ಗುಬ್ಬಿ ಸಲೀಸಾಗಿ ನುಗ್ಗುತ್ತದೆ, ಗೊರವಂಕಕ್ಕೆ ಒಳಗೆ ನುಗ್ಗಲಾಗದು. ಅದೇ 45–50 ಮಿಲಿಮೀಟರ್ ಕೊರೆದರೆ ವಾರದೊಳಗೆ ಗೊರವಂಕ ಬಂದು ಕೂತರೂ ಆಶ್ಚರ್ಯವಿಲ್ಲ. ಬಾಗಿಲಿಗೆ ಬೀಗ ಕೂರಿಸುವ ಬಡಗಿಗಳ ಬಳಿ ದುಂಡಗೆ ಕೊರೆಯುವ ಹೋಲ್ ಸಾ ಇರುತ್ತದೆ. ಅದರಲ್ಲಿ ಈ ಅಳತೆಯ ಬಿಟ್ ಹಾಕಿಸಿದರೆ ಎರಡು ನಿಮಿಷದ ಕೆಲಸ.

ನಾಲ್ಕೂವರೆ ಅಡಿ ಉದ್ದ, 6 ಇಂಚು ಅಗಲ, ಮುಕ್ಕಾಲು ಇಂಚು ದಪ್ಪದ ಒಂದೇ ಹಲಗೆಯಲ್ಲಿ ಇಡೀ ಪೆಟ್ಟಿಗೆ ಆಗುತ್ತದೆ. ಸಿಲ್ವರ್ ಓಕ್ ಸಾಕು, ತೇಗ ದುಂದು. ಹಿಂಬದಿಗೆ 14 ಇಂಚು, ಮುಂಬದಿಗೆ 8, ತಳಕ್ಕೆ ನಾಲ್ಕೂವರೆ, ಮುಚ್ಚಳಕ್ಕೆ ಎಂಟೂವರೆ ಇಂಚು ಕತ್ತರಿಸಿ. ಉಳಿದದ್ದರಲ್ಲಿ 18 ಇಂಚಿನ ತುಂಡನ್ನು ನಡುವೆ ಓರೆಯಾಗಿ ಕೊಯ್ದರೆ ಒಂದು ಅಂಚು 10, ಇನ್ನೊಂದು 8 ಇಂಚಿನ ಎರಡು ಪಕ್ಕೆಗಳು ಸಿಗುತ್ತವೆ. ಮುಚ್ಚಳ ಮುಂದಕ್ಕೆ ಇಳಿಜಾರಾಗಿ ಕೂರುವುದು ಇದರಿಂದಲೇ. ಇನ್ನೊಂದು ಇಂಚು ಗರಗಸಕ್ಕೆ ಹೋಗುತ್ತದೆ. ಪಕ್ಕೆಗಳನ್ನು ಹಿಂಬದಿ-ಮುಂಬದಿಗಳ ನಡುವೆ ನಿಲ್ಲಿಸಿ, ತಳವನ್ನು ಅವುಗಳ ಒಳಗೆ ಕೂರಿಸಿ ಸ್ಕ್ರೂ ಹಾಕಿ. ಮೊಳೆ ಹೊಡೆದರೆ ಎರಡು ಮಳೆಗಾಲದಲ್ಲಿ ಹಲಗೆ ಬಿಡುತ್ತದೆ. ಪ್ಲೈವುಡ್ಡಿನ ಪದರ ಉಬ್ಬಿ ಏಳುತ್ತದೆ. ಶೂ ಡಬ್ಬಿಯ ರಟ್ಟು ಮೊದಲ ಮಳೆಗೇ ಕುಸಿದು ಮರಿಗಳನ್ನು ಕೆಳಗೆ ಬೀಳಿಸುತ್ತದೆ. ತಗಡಂತೂ ಬಿಸಿಲಿಗೆ ಒಲೆಯ ಮೇಲಿನ ಹೆಂಚು. ರಾಯಚೂರು, ಕಲಬುರಗಿಯ ಏಪ್ರಿಲ್‌ನಲ್ಲಿ ಅದರೊಳಗೆ ಮರಿ ಬದುಕುವುದು ಕಷ್ಟ.

ತೂತಿನ ಕೆಳ ಅಂಚು ಒಳಗಿನ ತಳದಿಂದ ಕನಿಷ್ಠ 5 ಇಂಚು ಮೇಲಿರಲಿ. ಕೆಳಗೆ ಕೊರೆದರೆ ಹುಲ್ಲು ತುಂಬಿದ ಮೇಲೆ ಮೊಟ್ಟೆ ಬಾಗಿಲಿನ ಮಟ್ಟಕ್ಕೇ ಬರುತ್ತದೆ, ಕೆಂಬೂತದ ಕೊಕ್ಕಿಗೂ ಬೆಕ್ಕಿನ ಪಂಜಕ್ಕೂ ಎಟುಕುತ್ತದೆ. ಮುಂಬದಿ ಹಲಗೆಯ ಒಳಮೈಯನ್ನು ಉಳಿಯಿಂದ ಅಡ್ಡಡ್ಡ ಗೀರಿ ಒರಟಾಗಿಸಿ. ಹಾರಲು ಸಿದ್ಧವಾದ ಮರಿಗಳು ಉಗುರು ಊರಿ ಹತ್ತಬೇಕಾದ್ದು ಅದೇ ಗೋಡೆಯನ್ನು. ತಳಕ್ಕೆ ನಾಲ್ಕೈದು, ಪಕ್ಕೆಗಳ ಮೇಲ್ತುದಿಗೆ ಎರಡೆರಡು, 6 ಮಿಲಿಮೀಟರಿನ ರಂಧ್ರ ಬೇಕು: ಕೆಳಗಿನವು ನೀರಿಗೆ, ಮೇಲಿನವು ಬಿಸಿಗಾಳಿಗೆ. ಒಳಗೆ ಬಣ್ಣ, ವಾರ್ನಿಷ್ ಬೇಡ. ಸೈಕಲ್ ಟ್ಯೂಬಿನ ಪಟ್ಟಿಯನ್ನು ಕೀಲಿನಂತೆ ಬಳಸಿದರೆ ಮುಚ್ಚಳ ತೆರೆಯಲೂ ಬರುತ್ತದೆ, ಹಿಂದಿನ ಸಂದಿಗೆ ನೀರೂ ಇಳಿಯುವುದಿಲ್ಲ.

ಅಂಗಡಿಯ ಪೆಟ್ಟಿಗೆಗಳಲ್ಲಿ ತೂತಿನ ಕೆಳಗೊಂದು ಕಡ್ಡಿ ಸಿಕ್ಕಿಸಿರುತ್ತಾರೆ. ನೋಡಲು ಚೆಂದ, ಗುಬ್ಬಿಗೆ ಅದರಿಂದ ಉಪಯೋಗವಿಲ್ಲ. ಮೊಟ್ಟೆ ಕದಿಯಲು ಬರುವ ಕಾಗೆಗೆ ಕೂರಲು ಜಾಗ ಮಾಡಿಕೊಟ್ಟಂತೆ, ಅಷ್ಟೆ. ಕಿತ್ತುಹಾಕಿ. ಅಳಿಲು ತೂತನ್ನು ಕಡಿದು ಹಿಗ್ಗಿಸುವುದೂ ಉಂಟು. 32 ಮಿಲಿಮೀಟರ್ ತೂತಿರುವ ತಗಡಿನ ತುಂಡೊಂದನ್ನು ಅಂಚು ಉಜ್ಜಿ ಬಾಗಿಲಿಗೆ ಬಡಿದರೆ ಆ ಕಾಟ ತಪ್ಪುತ್ತದೆ.

ಪೆಟ್ಟಿಗೆ ನೆಲದಿಂದ 8–12 ಅಡಿ ಎತ್ತರದಲ್ಲಿ, ಸಜ್ಜಾ ಅಥವಾ ಸೂರಿನ ಕೆಳಗೆ, ಉತ್ತರಕ್ಕೋ ಪೂರ್ವಕ್ಕೋ ಮುಖಮಾಡಿರಲಿ. ಪಡುವಣ ಗೋಡೆಗೆ ಮಧ್ಯಾಹ್ನದ ಬಿಸಿಲು. ಕರಾವಳಿ, ಮಲೆನಾಡಿನಲ್ಲಿ ಮುಂಗಾರಿನ ಇರಚಲು ಹೊಡೆಯುವುದೂ ಆ ಕಡೆಯಿಂದಲೇ. ಫ್ಯಾನ್ ತಿರುಗುವ ಕೋಣೆಯೊಳಗೆ ಖಂಡಿತ ಬೇಡ. ಹಗ್ಗದಲ್ಲಿ ತೂಗುಬಿಡದೆ ಗೋಡೆಗೆ ಬಿಗಿಯಾಗಿ ಸ್ಕ್ರೂ ಮಾಡಿ. ಗುಬ್ಬಿಗಳಿಗೆ ನೆರೆಹೊರೆ ಬೇಕು, ಆದ್ದರಿಂದ ಒಂದರ ಬದಲು ಮೂರು ನಾಲ್ಕು ಪೆಟ್ಟಿಗೆಗಳನ್ನು ಹತ್ತಿರ ಹತ್ತಿರ ಹಾಕುವುದು ಮೇಲು.

ಇಷ್ಟೆಲ್ಲ ಆದರೂ ಪೆಟ್ಟಿಗೆ ಖಾಲಿ ಉಳಿಯಬಹುದು. ಗುಬ್ಬಿಯೇ ಇಲ್ಲದ ಬಡಾವಣೆಗೆ ಪೆಟ್ಟಿಗೆ ಗುಬ್ಬಿಯನ್ನು ಕರೆತರುವುದಿಲ್ಲ; ಆಸುಪಾಸಿನ ಒಂದೆರಡು ಬೀದಿಗಳಲ್ಲಾದರೂ ಚಿಂವ್‌ಗುಟ್ಟುವ ಗುಂಪಿರಬೇಕು. ಜಾಗ ನೋಡುವುದು ಕತ್ತಿನಡಿ ಕಪ್ಪು ಮಚ್ಚೆಯ ಗಂಡು. ಅದು ತೂತಿನ ಬಾಯಲ್ಲಿ ಕೂತು ಒಂದೇ ಸಮ ಕೂಗುತ್ತಿದ್ದರೆ ಹೆಣ್ಣು ಇನ್ನೂ ಒಪ್ಪಿಲ್ಲ ಎಂದರ್ಥ. ಆಗ ಪೆಟ್ಟಿಗೆಯ ಜಾಗ ಬದಲಿಸಬೇಡಿ.

ಕಾಳು ತಿನ್ನುವ ಹಕ್ಕಿಯಾದರೂ ಮೊದಲ ದಿನಗಳಲ್ಲಿ ಮರಿಗಳಿಗೆ ಅದು ತಿನ್ನಿಸುವುದು ಕಂಬಳಿಹುಳು, ಗಿಡಹೇನು, ಸಣ್ಣ ಕೀಟಗಳನ್ನು. ಅಕ್ಕಿ ಎರಚಿದರೆ ತಾಯಿಯ ಹೊಟ್ಟೆ ತುಂಬೀತು, ಮರಿಗೆ ಪ್ರೋಟೀನು ಸಿಗದು. ಔಷಧಿ ಹೊಡೆಯದ ಒಂದು ಅವರೆ ಚಪ್ಪರ, ದಾಸವಾಳದ ಬೇಲಿ ಇದ್ದರೆ ಅಲ್ಲಿನ ಹುಳುಗಳೇ ಮರಿಗಳಿಗೆ ಊಟ. ಹುಲ್ಲು, ತೆಂಗಿನ ನಾರು ಇಟ್ಟರೆ ಗೂಡಿಗೆ ಒಯ್ಯುತ್ತದೆ. ನೈಲಾನ್ ದಾರ ಅಂಗಳದಲ್ಲಿ ಬಿದ್ದಿದ್ದರೆ ಎತ್ತಿಬಿಡಿ, ಮರಿಯ ಕಾಲಿಗೆ ಸುತ್ತಿಕೊಂಡು ಬಿಗಿಯುತ್ತದೆ.

ಮೊಟ್ಟೆ ಮೂರರಿಂದ ಐದು, ಕಾವು ಸುಮಾರು ಎರಡು ವಾರ, ಮರಿ ಗೂಡಿನಲ್ಲಿರುವುದೂ ಸುಮಾರು ಅಷ್ಟೇ. ಮರಿಗೆ ಗರಿ ತುಂಬಿದ ಮೇಲೆ ಮುಚ್ಚಳ ತೆಗೆದರೆ ಬೆದರಿ ಹಾರಲಾರದೆಯೇ ಹೊರಗೆ ನೆಗೆಯುತ್ತವೆ. ನಮ್ಮಲ್ಲಿ ಗುಬ್ಬಿ ವರ್ಷದಲ್ಲಿ ಹಲವು ಸಲ ಮರಿಮಾಡುವುದರಿಂದ, ಮರಿ ಹಾರಿಹೋಗಿ ಹೊಸ ಹುಲ್ಲು ಬರುವ ಮುಂಚಿನ ಬಿಡುವಿನಲ್ಲೇ ಹಳೆ ಗೂಡನ್ನು ತೆಗೆಯಬೇಕು. ಅದರಲ್ಲಿ ರಕ್ತ ಹೀರುವ ಉಣ್ಣೆ, ನುಸಿ ಸೇರಿರುತ್ತವೆ. ಕೀಟನಾಶಕ ಹಾಕದೆ ಕುದಿಯುವ ನೀರು ಸುರಿದು, ಬಿಸಿಲಿಗಿಟ್ಟು, ಪೂರ್ತಿ ಒಣಗಿಸಿ ಮತ್ತೆ ಅದೇ ಜಾಗಕ್ಕೆ ಹಾಕಿ.