ಬಾಡಿಗೆ ಬಾಕಿ ಇದೆ, ಮಾಲೀಕರು ನಾಯಿ ಬಿಡಿ ಅಂತಿದ್ದಾರೆ. ಏನು ಮಾಡೋದು?

ಪ್ರಶ್ನೆ: ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಬಾಡಿಗೆಗೆ ಇದ್ದೇವೆ. ನಮ್ಮ ಮನೆಯವರ ಕೆಲಸ ಹೋಗಿ ಎರಡು ತಿಂಗಳ ಬಾಡಿಗೆ ನಿಂತಿದೆ. "ನಾಯಿನ ಎಲ್ಲಾದ್ರೂ ಬಿಟ್ಟು ಬನ್ನಿ, ಇಲ್ಲಾಂದ್ರೆ ಈ ವಾರವೇ ಮನೆ ಖಾಲಿ ಮಾಡಿ" ಅಂತ ಮಾಲೀಕರು ಹೇಳಿದ್ದಾರೆ. ದಾರಿ ತೋರಿಸಿ.

ಉತ್ತರ: ಮೊದಲು ಒಂದು ಮಾತು. ನಾಯಿಯನ್ನು ಹೈವೇ ಪಕ್ಕ, ಹೊಲದ ದಾರಿಯಲ್ಲಿ ಬಿಟ್ಟು ಬರಬೇಡಿ. ಮನೆಯ ಅನ್ನ ತಿಂದು ಬೆಳೆದ ನಾಯಿ ಬೀದಿಯಲ್ಲಿ ಬದುಕೋದು ಕಷ್ಟ. ಹಸಿವು, ಬಾಯಾರಿಕೆಯಿಂದ ನರಳುವಂತೆ ಸಾಕುಪ್ರಾಣಿಯನ್ನು ಬಿಟ್ಟುಬಿಡೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧವೂ ಹೌದು.

ಈ ವಾರವೇ ಮನೆ ಬಿಡಬೇಕು ಅನ್ನೋದೂ ಸರಿಯಲ್ಲ. ಅಗ್ರಿಮೆಂಟ್‌ನಲ್ಲಿ ಬೇರೆ ಏನೂ ಬರೆದಿಲ್ಲದಿದ್ದರೆ, ತಿಂಗಳ ಬಾಡಿಗೆಯ ಮನೆಗೆ 15 ದಿನಗಳ ಲಿಖಿತ ನೋಟಿಸ್ ಕೊಡಬೇಕು ಅಂತ 1882ರ ಆಸ್ತಿ ವರ್ಗಾವಣೆ ಕಾಯ್ದೆ ಹೇಳುತ್ತದೆ. ಅದು ಮುಗಿದ ಮೇಲೂ ನೀವು ಬಿಡದಿದ್ದರೆ ಮಾಲೀಕರು ಕೋರ್ಟಿಗೆ ಹೋಗಬೇಕೇ ಹೊರತು, ನೀವಿಲ್ಲದಾಗ ಬೀಗ ಜಡಿಯೋದು, ಸಾಮಾನು ಬೀದಿಗೆ ಹಾಕೋದು ನಡೆಯದು. ಹಾಗೆ ಹೊರಹಾಕಿದರೆ 6 ತಿಂಗಳೊಳಗೆ ದಾವೆ ಹೂಡಬಹುದು. ವಕೀಲರ ಫೀಸಿಗೆ ಹೆದರಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ. ಹಾಗಾಗಿ ಅರ್ಜಿ ನಿಮ್ಮ ಹೆಸರಲ್ಲೇ ಕೊಡಿ.

ಇಷ್ಟು ದಿನ ಇಲ್ಲದ ನಾಯಿ ತಕರಾರು ಈಗ ಯಾಕೆ ಬಂತು? ನನಗನ್ನಿಸೋದು, ಜಗಳದ ಬೇರು ಬಾಡಿಗೆಯಲ್ಲಿದೆ. ಅದನ್ನೇ ಮೊದಲು ಮಾತಾಡಿ. ಬಾಕಿಯನ್ನು ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಿ, ಕೆಲಸ ಸಿಕ್ಕ ಮೇಲೆ ಕಂತಿನಲ್ಲಿ ತುಂಬಿಕೊಡ್ತೀವಿ ಅಂತ ಕೇಳಿ, ಒಪ್ಪಿದರೆ ತಾರೀಖು ಹಾಕಿ ಇಬ್ಬರೂ ಸಹಿ ಮಾಡಿ. ಜತೆಗೆ ನಾಯಿಯ ರೇಬಿಸ್ ಲಸಿಕೆಯ ಕಾರ್ಡ್ ತೋರಿಸಿ. ಲಸಿಕೆ ಹಾಕಿಸಿಲ್ಲದಿದ್ದರೆ ಸರ್ಕಾರಿ ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ರಾತ್ರಿ ಒಳಗೆ ಮಲಗಿಸೋದು, ಮೆಟ್ಟಿಲು, ಅಂಗಳ ತೊಳೆಯೋದು ಇಂಥದ್ದೆಲ್ಲ ಕೆಲವೊಮ್ಮೆ ಕಾನೂನಿಗಿಂತ ಜಾಸ್ತಿ ಕೆಲಸ ಮಾಡುತ್ತದೆ.

ಅಪಾರ್ಟ್‌ಮೆಂಟಿನವರೂ ಇದನ್ನೇ ಕೇಳ್ತಾರೆ. ಬಹುಮತ ಇದ್ದರೂ ಸಂಘದವರು ಸಾಕುಪ್ರಾಣಿ ನಿಷೇಧಿಸುವಂತಿಲ್ಲ ಅಂತ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ಮನೆ ಮಾಲೀಕರ ಜತೆಗಿನ ಕರಾರು ಬೇರೆ ವಿಚಾರ, ಅದನ್ನು ಓದಿ ನೋಡಿ.

ಏನೂ ಆಗದೆ ಮನೆ ಬಿಡಲೇಬೇಕಾದರೆ, ಹೊಸ ಮನೆ ಸಿಗುವ ತನಕ ನಾಯಿಯನ್ನು ಹಳ್ಳಿಯ ನೆಂಟರ ಮನೆಯಲ್ಲಿ ಇರಿಸಿ. ಯಾವಾಗ ವಾಪಸ್ ಕರ್ಕೊಂಡು ಹೋಗ್ತೀರಿ, ಊಟದ ಖರ್ಚು ಯಾರದ್ದು ಅಂತ ಆಗಲೇ ಮಾತಾಡಿಕೊಳ್ಳಿ. ಸುಮ್ನೆ ಬಿಟ್ಟು ಬಂದರೆ ಅವರಿಗೂ ಭಾರ, ಅಲ್ವಾ?

ಅಕ್ಕಪಕ್ಕದವರಿಗೂ ಹೇಳಬೇಕು. "ನಿಮ್ಗೇ ಊಟಕ್ಕಿಲ್ಲ, ನಾಯಿ ಯಾಕೆ" ಅನ್ನಬೇಡಿ. ಕೆಲಸ ಹೋದ ಮನೆಯಲ್ಲಿ ಮಕ್ಕಳು ಅತ್ತಾಗ ಅವರ ಪಕ್ಕ ಹೋಗಿ ಕೂರೋದು ಆ ನಾಯಿಯೇ. ಅವರು ಕೆಲಸ ಹುಡುಕಲು ಹೋದ ಹೊತ್ತು ನಾಯಿಯನ್ನು ನೋಡಿಕೊಳ್ಳಿ. ಮಾಲೀಕರ ಹತ್ತಿರ ಮಾತಿಗೆ ಹೋಗುವಾಗ ಜತೆಗೆ ಹೋಗಿ.